ಕಥೆಯ ಪಾತ್ರ ಯಾಕೆ ಹಾಗೆ ಮಾಡುತ್ತಾನೆ ಅಂತ ಓದುಗರು ನಂಬುವ ಹಾಗೆ ಬರೆಯುವುದು ಹೇಗೆ?

ನಿಮ್ಮ ಕಥೆಯ ಕಾಫಿ ಬೆಳೆಗಾರ ಸಾಲ ಕುತ್ತಿಗೆಗೆ ಬಂದರೂ ತೋಟ ಮಾರುವುದಿಲ್ಲ. ಯಾಕೆ ಅಂದರೆ ಮಣ್ಣಿನ ಮೇಲಿನ ಪ್ರೀತಿ. ಓದಿದವರು ಯಾರೂ ಇದನ್ನು ನಂಬುತ್ತಿಲ್ಲ ಅಂತ ಬರೆದಿದ್ದೀರಿ. ನಂಬದಿರುವುದು ಸರಿಯೇ. ನಮ್ಮ ಮೂಡಿಗೆರೆ ಕಡೆ ಆ ಪ್ರೀತಿ ಯಾರಿಗಿಲ್ಲ ಹೇಳಿ? ತೋಟ ಮಾರಿ ಬೆಂಗಳೂರಿಗೆ ಹೋದವರಿಗೂ ಇತ್ತು. ಊರಿಗೆಲ್ಲ ಇರುವುದನ್ನು ಇವನೊಬ್ಬನ ಕಾರಣ ಅಂದರೆ ಹೇಗೆ?

ನಾನು ಬರೆಯಲು ಕೂತಾಗ ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ವಾರ ಇವನಿಗೆ ಏನು ಬೇಕು? ಅದು ಯಾರ ಕೈಯಲ್ಲಿದೆ?

ನಿಮ್ಮ ಕಥೆಯನ್ನೇ ತೆಗೆದುಕೊಳ್ಳಿ. ಮಾರ್ಚ್ ಮುಗಿಯುತ್ತಾ ಬಂದಿದೆ, ಕಾಫಿ ಹೂ ಅರಳಿಸುವ ಹೂಮಳೆ ಬಂದಿಲ್ಲ ಅಂದುಕೊಳ್ಳಿ. ರೊಬಸ್ಟಾ ಜಾತಿಯ ಕಾಫಿ ಗಿಡದಲ್ಲಿ ಮೊಗ್ಗು ನಿಂತಿದೆ. ಒಂದು ಒಳ್ಳೆ ಮಳೆ ಬಿದ್ದರೆ ಎಂಟು–ಹತ್ತು ದಿನಕ್ಕೆ ಹೂ ಅರಳಿ ತೋಟವೆಲ್ಲ ಬೆಳ್ಳಗಾಗುತ್ತೆ. ಬೀಳದಿದ್ದರೆ ಸ್ಪ್ರಿಂಕ್ಲರ್ ಹೊಡೆಯಬೇಕು, ಇಲ್ಲವಾದರೆ ಮುಂದಿನ ಕೊಯ್ಲು ಕೈಬಿಟ್ಟ ಹಾಗೆಯೇ. ಆದರೆ ಕೆರೆ ಇರುವುದು ಅಣ್ಣನ ಪಾಲಿನಲ್ಲಿ. ಪಾಲಾದ ದಿನ ಆ ಅಣ್ಣ ನಾಲ್ಕು ಜನರ ಮುಂದೆ, 'ಇವನ ಕೈಲಿ ತೋಟ ಮಾಡೋಕಾಗಲ್ಲ, ಇವತ್ತಲ್ಲ ನಾಳೆ ಮಾರ್ತಾನೆ' ಅಂದಿದ್ದ. ಆಮೇಲೆ ಇಬ್ಬರಿಗೂ ಮಾತಿಲ್ಲ.

ಈಗ ಮಾರದಿರುವುದಕ್ಕೆ ಕಾರಣ ಸಿಕ್ಕಿತು. ತೋಟ ಉಳಿಸಿಕೊಳ್ಳಬೇಕಾದರೆ ಅದೇ ಅಣ್ಣನ ಅಂಗಳಕ್ಕೆ ಹೋಗಿ ನೀರು ಕೇಳಬೇಕು. ಹೋಗುತ್ತಾನೋ ಇಲ್ಲವೋ, ಎರಡನ್ನೂ ಓದುಗರು ನಂಬುತ್ತಾರೆ.

ಇನ್ನೊಂದು ಮಾತು. ಈ ಕಾರಣವನ್ನು ಅವನ ಬಾಯಲ್ಲಿ ಹೇಳಿಸಲೇಬೇಡಿ. ಹೆಂಡತಿ ಕೇಳಿದರೆ, 'ಕಾಫಿಗೆ ರೇಟು ಏರ್ತಾ ಇದೆ, ಈಗ ಯಾರಾದ್ರೂ ಮಾರ್ತಾರಾ?' ಅಂತಾನೆ. ಬ್ಯಾಂಕಿನವರು ಕೇಳಿದರೆ, ಮಕ್ಕಳಿಗೆ ಬೇಕಲ್ಲ ಸಾರ್ ಅಂತಾನೆ. ಯಾರ ಹತ್ತಿರ ಯಾವ ಕಾರಣ ಹೇಳುತ್ತಾನೆ ಅನ್ನುವುದರಲ್ಲೇ ಅವನು ಎಂಥವನು ಅಂತ ಗೊತ್ತಾಗುತ್ತೆ, ಅಲ್ವಾ? ಮನಸ್ಸಿನ ಮಾತನ್ನು ಪುಟಗಟ್ಟಲೆ ಬರೆಯುವುದಕ್ಕಿಂತ ನನಗೆ ಇದೇ ಇಷ್ಟ.

ಅಣ್ಣನನ್ನು ಮಾತ್ರ ಸುಮ್ನೆ ಕೆಟ್ಟವನನ್ನಾಗಿ ಮಾಡಬೇಡಿ. ಅವನ ಗಿಡಗಳಲ್ಲೂ ಮೊಗ್ಗು ನಿಂತಿದೆ. ಕೆರೆಯ ನೀರು ಒಂದೇ ತೋಟಕ್ಕೆ ಸಾಲುವಷ್ಟಿರಲಿ. ತಮ್ಮನು ಗೇಟು ದಾಟಿ ಬರುವ ಆ ದೃಶ್ಯವನ್ನು ಒಮ್ಮೆ ಪೂರ್ತಿ ಅಣ್ಣನ ಕಡೆಯಿಂದ ಬರೆದು ನೋಡಿ. ಕಥೆಯಲ್ಲಿ ಅದನ್ನು ಸೇರಿಸದಿದ್ದರೂ ಪರವಾಗಿಲ್ಲ.