ಕೊಡಗಿನಲ್ಲಿ ಮಗಳಿಗೆ ಆಕಾಶ ತೋರಿಸೋಕೆ ಟೆಲಿಸ್ಕೋಪ್ ಬೇಕಾ?

ನೀವು ಬೆಂಗಳೂರಿನಿಂದ ಮಡಿಕೇರಿಗೆ ವರ್ಗವಾಗಿ ಬಂದಿದ್ದೀರಿ. ಮಗಳಿಗೆ ಹನ್ನೊಂದು ವರ್ಷ, ಇಲ್ಲಿ ಇಷ್ಟೊಂದು ನಕ್ಷತ್ರ ಕಾಣುತ್ತವಲ್ಲ ಅಂತ ಟೆಲಿಸ್ಕೋಪ್ ಕೇಳುತ್ತಿದ್ದಾಳೆ. ಜೊತೆಗೆ ಅವಳ ಮೂರು ಪ್ರಶ್ನೆ: ಚಂದ್ರ ಹಗಲಲ್ಲೂ ಯಾಕೆ ಕಾಣುತ್ತಾನೆ, ಜನವರಿಯಲ್ಲಿ ಇಷ್ಟು ಚಳಿ ಯಾಕೆ, ಮಳೆಗೆ ನಕ್ಷತ್ರದ ಹೆಸರು ಯಾಕೆ.

ಟೆಲಿಸ್ಕೋಪ್ ಈಗಲೇ ಬೇಡ. ಕೈ ಸುಟ್ಟುಕೊಂಡವನ ಮಾತಿದು. ನಾನೂ ಒಂದು ಅಗ್ಗದ್ದನ್ನು ತರಿಸಿದ್ದೆ. ಡಬ್ಬದ ಮೇಲೆ ಶನಿಯ ಬಳೆಯ ಬಣ್ಣದ ಚಿತ್ರ. ಒಳಗಿನ ಸ್ಟ್ಯಾಂಡ್ ಎಷ್ಟು ಸಡಿಲ ಅಂದರೆ, ಪಕ್ಕದಲ್ಲಿ ಯಾರಾದರೂ ಕೆಮ್ಮಿದರೂ ಚಂದ್ರ ಕುಣಿಯುತ್ತಿದ್ದ. ಆಮೇಲೆ ಜೂನ್ ಬಂತು, ಅಟ್ಟಕ್ಕೆ ಹಾಕಿದೆ. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್‌ಗೆ, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬಕ್ಕೆ, ಕೋವಿ ಒರೆಸಲು ಕೂತಾಗ ಅದನ್ನೂ ಇಳಿಸಿ ನೋಡಿದರೆ ಲೆನ್ಸ್ ಒಳಗೆಲ್ಲ ಬೂಷ್ಟು, ಜೇಡರ ಬಲೆ ಕಟ್ಟಿದ ಹಾಗೆ. ಇಲ್ಲಿಯ ಮಳೆಗಾಲ ಚಪ್ಪಲಿಯನ್ನೇ ಬಿಡುವುದಿಲ್ಲ, ಲೆನ್ಸ್ ಬಿಡುತ್ತದಾ?

ನಾನು ಆಕಾಶ ಕಲಿತದ್ದು ಕಾಫಿ ಕಣದಲ್ಲಿ. ನಮ್ಮದು ನಾಪೋಕ್ಲು ಕಡೆ ಸಣ್ಣ ತೋಟ. ಕುಯ್ಲಿನ ದಿನಗಳಲ್ಲಿ ಇಬ್ಬನಿ ಬೀಳುವ ಮೊದಲು ಕಾಫಿ ಗುಡ್ಡೆ ಮಾಡಿ, ಟಾರ್ಪಾಲ್ ಹೊದಿಸಿ, ಅಪ್ಪ ಮತ್ತು ನಾನು ಅಲ್ಲೇ ಕಾವಲು ಮಲಗುತ್ತಿದ್ದೆವು. ಸುತ್ತ ಮರ, ನಡುವೆ ಕಣದಷ್ಟೇ ಅಗಲದ ಆಕಾಶ. ಕೈಯಲ್ಲಿ ಏನೂ ಇರಲಿಲ್ಲ. ಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರ್ ಒಂದೇ ನಮ್ಮ ಪುಸ್ತಕ. ನೀವೂ ಅಲ್ಲಿಂದಲೇ ಶುರು ಮಾಡಿ. ಅದರಲ್ಲಿ ಇರುವಷ್ಟು ಖಗೋಳ ಮಗಳಿಗೆ ಎರಡು ವರ್ಷಕ್ಕೆ ಸಾಕು.

ಮೊದಲು ಚಂದ್ರ. ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಬಹಳ ವರ್ಷ ನಾನೂ ಅದನ್ನೇ ನಂಬಿದ್ದೆ. ಅದು ತಪ್ಪು. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಚಂದ್ರಗ್ರಹಣದ ದಿನ ಮಾತ್ರ. ಭೂಮಿ ಸೂರ್ಯನನ್ನು ಸುತ್ತುವ ದಾರಿಗೆ ಹೋಲಿಸಿದರೆ ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ಆ ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ತಪ್ಪಿಸಿಕೊಂಡು ಹೋಗುತ್ತಾನೆ.

ಇದನ್ನು ಬಾಯಲ್ಲಿ ಹೇಳುವ ಬದಲು ಒಂದು ಕೆಲಸ ಮಾಡಿ. ಕ್ಯಾಲೆಂಡರ್‌ನಲ್ಲಿ ಬಹುಳ ಅಷ್ಟಮಿ ಯಾವತ್ತು ಅಂತ ನೋಡಿ. ಆ ದಿನ ಬೆಳಿಗ್ಗೆ ಎಂಟು ಗಂಟೆಗೆ, ಮಂಜು ಕರಗಿದ ಮೇಲೆ, ಅಂಗಳಕ್ಕೆ ಬನ್ನಿ. ಸೂರ್ಯ ಪೂರ್ವದಲ್ಲಿ. ಅರ್ಧ ಚಂದ್ರ ನೆತ್ತಿ ದಾಟಿ ಪಶ್ಚಿಮಕ್ಕೆ ಇಳಿಯುತ್ತಿರುತ್ತಾನೆ, ಬಿಳಿ ಬಟ್ಟೆ ಚೂರಿನ ಹಾಗೆ. ಮಗಳ ಕೈಗೆ ಒಂದು ಕಿತ್ತಳೆ ಕೊಡಿ. ಕೈ ಚಾಚಿ ಹಣ್ಣನ್ನು ಚಂದ್ರನ ಪಕ್ಕದಲ್ಲೇ ಹಿಡಿಯಲಿ. ಬಿಸಿಲು ಹಣ್ಣಿನ ಮೇಲೆ ಬೀಳಬೇಕು, ಅಷ್ಟೇ. ಈಗ ಎರಡನ್ನೂ ಒಟ್ಟಿಗೆ ನೋಡಲು ಹೇಳಿ. ಹಣ್ಣಿನ ಎಷ್ಟು ಭಾಗ ಬೆಳಗಿದೆಯೋ ಚಂದ್ರನದೂ ಅಷ್ಟೇ. ಬೆಳಕು ಮತ್ತು ಕತ್ತಲೆ ಸೇರುವ ಗೆರೆ ಕೂಡ ಎರಡರಲ್ಲೂ ಒಂದೇ ಕಡೆಗೆ ವಾಲಿರುತ್ತದೆ. ಹಣ್ಣಿನ ಕಪ್ಪು ಭಾಗದ ಮೇಲೆ ಭೂಮಿಯ ನೆರಳೇನೂ ಬಿದ್ದಿಲ್ಲ ಅಲ್ವಾ? ಅದು ಸೂರ್ಯನಿಗೆ ಬೆನ್ನು ಹಾಕಿದೆ. ಚಂದ್ರನೂ ಹಾಗೇ. ಯಾವಾಗಲೂ ಅರ್ಧ ಬೆಳಗಿರುತ್ತಾನೆ. ಆ ಅರ್ಧದಲ್ಲಿ ನಮ್ಮ ಕಡೆಗೆ ಎಷ್ಟು ತಿರುಗಿದೆ ಅನ್ನುವುದಷ್ಟೇ ದಿನಾ ಬದಲಾಗುತ್ತದೆ. ನನ್ನ ತಂಗಿಯ ಮಗನಿಗೆ ಇದನ್ನು ತೋರಿಸಿದಾಗ ಅವನು ಹತ್ತು ನಿಮಿಷ ಹಣ್ಣು ಕೆಳಗಿಳಿಸಲಿಲ್ಲ. ಆಮೇಲೆ ಸುಲಿದು ತಿಂದ.

ಹಗಲು ಚಂದ್ರನ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಅಮಾವಾಸ್ಯೆಗೆ ಸೂರ್ಯನ ಜೊತೆ ಹುಟ್ಟಿ ಜೊತೆಗೇ ಮುಳುಗುತ್ತಾನೆ, ಕಾಣುವುದಿಲ್ಲ. ಶುದ್ಧ ಅಷ್ಟಮಿಗೆ ಮಧ್ಯಾಹ್ನ ಹುಟ್ಟಿ ನಡುರಾತ್ರಿ ಮುಳುಗುತ್ತಾನೆ. ಹುಣ್ಣಿಮೆಗೆ ಸೂರ್ಯ ಮುಳುಗುವಾಗ ಹುಟ್ಟುತ್ತಾನೆ. ಬಹುಳ ಅಷ್ಟಮಿಗೆ ನಡುರಾತ್ರಿ ಹುಟ್ಟಿ ಮರುದಿನ ಮಧ್ಯಾಹ್ನದವರೆಗೂ ಇರುತ್ತಾನೆ. ಲೆಕ್ಕ ಹಾಕಿದರೆ ಅವನು ಹಗಲಿನಲ್ಲಿ ಇರುವಷ್ಟೇ ಹೊತ್ತು ರಾತ್ರಿಯಲ್ಲೂ ಇರುತ್ತಾನೆ. ನಾವು ಹಗಲು ತಲೆ ಎತ್ತಿ ನೋಡುವುದು ಕಡಿಮೆ.

ಈಗ ಮಳೆ ನಕ್ಷತ್ರ. ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದವಾಗುತ್ತದೆ.

ಚಂದ್ರ ಆಕಾಶದಲ್ಲಿ ನಡೆಯುವ ದಾರಿಯನ್ನು ನಮ್ಮ ಹಿರಿಯರು 27 ಭಾಗ ಮಾಡಿದರು. ಒಂದೊಂದು ಭಾಗವೂ ಒಂದು ನಕ್ಷತ್ರ, ಅಶ್ವಿನಿಯಿಂದ ರೇವತಿವರೆಗೆ. ಚಂದ್ರ 27.3 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ, ಅಂದರೆ ದಿನಕ್ಕೆ ಹೆಚ್ಚುಕಮ್ಮಿ ಒಂದು ನಕ್ಷತ್ರ. ಕ್ಯಾಲೆಂಡರ್‌ನಲ್ಲಿ ದಿನದ ನಕ್ಷತ್ರ ಅಂತ ಬರೆಯುವುದು ಇದನ್ನೇ. ಹುಣ್ಣಿಮೆಯಿಂದ ಹುಣ್ಣಿಮೆಗೆ ಮಾತ್ರ 29.5 ದಿನ ಬೇಕು. ಯಾಕೆಂದರೆ ಚಂದ್ರ ಒಂದು ಸುತ್ತು ಹೊಡೆಯುವಷ್ಟರಲ್ಲಿ ಸೂರ್ಯ ಎರಡು ನಕ್ಷತ್ರ ಮುಂದೆ ಹೋಗಿರುತ್ತಾನೆ. ಅವನನ್ನು ಹಿಡಿಯಲು ಇನ್ನೆರಡು ದಿನ ಓಡಬೇಕು.

ಸೂರ್ಯನೂ ಅದೇ ದಾರಿಯಲ್ಲಿ ನಡೆಯುತ್ತಾನೆ, ಆದರೆ ನಿಧಾನ. 365 ದಿನವನ್ನು 27ರಿಂದ ಭಾಗಿಸಿ. ಒಂದು ನಕ್ಷತ್ರಕ್ಕೆ ಹದಿಮೂರೂವರೆ ದಿನ. ರೈತರು ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಅನ್ನುವುದು ಸೂರ್ಯ ಆಯಾ ನಕ್ಷತ್ರದಲ್ಲಿರುವ ಆ ಹದಿಮೂರು ಹದಿನಾಲ್ಕು ದಿನಗಳಿಗೆ. ಮೃಗಶಿರ ಮಳೆ ಜೂನ್ 8ರ ಸುಮಾರಿಗೆ ಹಿಡಿಯುತ್ತದೆ, ಆರಿದ್ರ 22ರ ಸುಮಾರಿಗೆ. ನಕ್ಷತ್ರ ಮಳೆ ತರುವುದಿಲ್ಲ. ಮಳೆ ತರುವುದು ಅರಬ್ಬೀ ಸಮುದ್ರದ ಕಡೆಯಿಂದ ಬರುವ ಗಾಳಿ. ಅದು ನಮ್ಮ ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಸುರಿಯುತ್ತದೆ. ನಕ್ಷತ್ರ ಬರೀ ತಾರೀಕು ಹೇಳುತ್ತದೆ. ಇಂಗ್ಲಿಷ್ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಅದಕ್ಕಿಂತ ನಂಬಿಗಸ್ತ ತಾರೀಕು ಇನ್ನೇನಿತ್ತು?

ತಮಾಷೆ ಏನು ಗೊತ್ತಾ? ಯಾವ ನಕ್ಷತ್ರದ ಮಳೆ ಬರುತ್ತಿದೆಯೋ ಆ ನಕ್ಷತ್ರ ಆಗ ಕಾಣುವುದೇ ಇಲ್ಲ. ಮೋಡ ಪೂರ್ತಿ ಸರಿದರೂ ಕಾಣುವುದಿಲ್ಲ. ಅಲ್ಲಿ ಸೂರ್ಯ ಕೂತಿದ್ದಾನಲ್ಲ! ಅದು ಸೂರ್ಯನ ಜೊತೆ ಹುಟ್ಟಿ, ಹಗಲೆಲ್ಲ ಬೆಳಕಿನಲ್ಲಿ ಕರಗಿ, ಸೂರ್ಯನ ಜೊತೆಗೇ ಮುಳುಗುತ್ತದೆ. ಅದನ್ನು ನೋಡಬೇಕಾದರೆ ಭೂಮಿ ಸೂರ್ಯನ ಇನ್ನೊಂದು ಪಕ್ಕಕ್ಕೆ ಹೋಗಬೇಕು. ಅದಕ್ಕೆ ಆರು ತಿಂಗಳು. ಜೂನ್‌ನಲ್ಲಿ ನಮ್ಮ ಹೆಂಚಿನ ಮೇಲೆ ಸುರಿದ ಆರಿದ್ರ, ಡಿಸೆಂಬರ್ ರಾತ್ರಿ ಕಣದ ಮೇಲೆ ಕೆಂಪಗೆ ಹೊಳೆಯುತ್ತದೆ. ಮಹಾವ್ಯಾಧ ಅಂದರೆ ಬೇಟೆಗಾರನ ಆಕಾರದ ನಕ್ಷತ್ರಪುಂಜ, ಇಂಗ್ಲಿಷ್‌ನಲ್ಲಿ ಒರಾಯನ್; ಅವನ ಭುಜದ ಕೆಂಪು ನಕ್ಷತ್ರವೇ ಆರಿದ್ರ. ಸಾಲಾಗಿ ಮೂರು ನಕ್ಷತ್ರ ಕಂಡರೆ ಅದು ಅವನ ಸೊಂಟಪಟ್ಟಿ. ತಲೆಯ ಹತ್ತಿರ ಮಂಕಾಗಿ ಇರುವ ಪುಟ್ಟ ಗುಂಪು ಮೃಗಶಿರ. ಅಪ್ಪ ಕಂಬಳಿಯೊಳಗಿನಿಂದ ಕೈ ಹೊರಗೆ ಹಾಕಿ ‘ನೋಡು, ಮಳೆಗಾಲ ಅಲ್ಲಿ ಇದೆ’ ಅನ್ನುತ್ತಿದ್ದರು. ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು.

ಅದೇ ಲೆಕ್ಕ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೂ ಇದೆ. ಹುತ್ತರಿ ಬರುವುದು ನವೆಂಬರ್ ಕೊನೆಗೆ ಅಥವಾ ಡಿಸೆಂಬರ್ ಮೊದಲರ್ಧದಲ್ಲಿ, ಹುಣ್ಣಿಮೆಯ ಆಸುಪಾಸಿನ ರೋಹಿಣಿ ನಕ್ಷತ್ರದ ದಿನ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಶ್ಚಯ ಮಾಡುತ್ತಾರೆ. ಮೇ ಕೊನೆಗೆ ಸೂರ್ಯ ರೋಹಿಣಿಯಲ್ಲಿ ಇರುತ್ತಾನೆ. ಆರು ತಿಂಗಳ ಮೇಲೆ ಅವನು ಅದರ ಎದುರು ಬದಿಗೆ ಬರುತ್ತಾನೆ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನ ಎದುರಿಗೇ ಇರಬೇಕು. ಹಾಗಾಗಿ ಆಗಿನ ಹುಣ್ಣಿಮೆ ಚಂದ್ರ ರೋಹಿಣಿಯ ಹತ್ತಿರವೇ ನಿಲ್ಲುತ್ತಾನೆ. ಈ ಸಲ ನೀವು ಯಾರ ಮನೆಯವರ ಜೊತೆಗಾದರೂ ಗದ್ದೆಗೆ ಕದಿರು ತೆಗೆಯಲು ಹೋಗಿ. ಕೋವಿ ಹಾರಿಸಿ, ‘ಪೊಲಿ ಪೊಲಿ ದೇವಾ’ ಅಂತ ಕೂಗುವಾಗ ಒಮ್ಮೆ ಮೇಲೆ ನೋಡಿ. ಚಂದ್ರನ ಪಕ್ಕದಲ್ಲಿ ಕಿತ್ತಳೆ ಬಣ್ಣದ ಒಂಟಿ ನಕ್ಷತ್ರ ಇರುತ್ತದೆ. ಅದೇ ರೋಹಿಣಿ. ಹತ್ತಿರದಲ್ಲೇ ಕೃತ್ತಿಕೆಯ ಗೊಂಚಲಿದೆ, ಆದರೆ ಅಷ್ಟು ಬೆಳದಿಂಗಳಲ್ಲಿ ಕಷ್ಟ. ಒಂದು ವಾರ ಬಿಟ್ಟು ಸಂಜೆ ನೋಡಿದರೆ ಆರು ನಕ್ಷತ್ರ ಎಣಿಸಬಹುದು.

ಹುತ್ತರಿ ಚಂದ್ರನ ಹಬ್ಬ, ಅದಕ್ಕೇ ತಾರೀಕು ಓಡಾಡುತ್ತದೆ. ಕಾವೇರಿ ಸಂಕ್ರಮಣ ಸೂರ್ಯನದು. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆ, ಅಕ್ಟೋಬರ್ 17ರ ಸುಮಾರಿಗೇ ಬರುತ್ತದೆ. ಆದರೆ ತಲಕಾವೇರಿಯ ತೀರ್ಥೋದ್ಭವದ ಹೊತ್ತು ಮಾತ್ರ ಪ್ರತಿ ವರ್ಷ ಬೇರೆ. 2023ರಲ್ಲಿ ನಡುರಾತ್ರಿ ಕಳೆದು ಒಂದೂವರೆಗೆ, 2024ರಲ್ಲಿ ಬೆಳಿಗ್ಗೆ ಏಳೂವರೆ ದಾಟಿ, 2025ರಲ್ಲಿ ಮಧ್ಯಾಹ್ನ ಒಂದೂಮುಕ್ಕಾಲಿಗೆ. ಗಮನಿಸಿದಿರಾ, ಆರಾರು ಗಂಟೆ ಮುಂದೆ. ನಕ್ಷತ್ರಗಳ ಲೆಕ್ಕದಲ್ಲಿ ವರ್ಷ ಅಂದರೆ 365 ದಿನ 6 ಗಂಟೆ 9 ನಿಮಿಷ. ಆ ಆರು ಗಂಟೆ ನಾಲ್ಕು ವರ್ಷಕ್ಕೆ ಒಂದು ದಿನವಾಗುತ್ತದೆ, ಫೆಬ್ರವರಿ 29 ಅದನ್ನು ಸರಿಮಾಡುತ್ತದೆ. ಅಧಿಕ ವರ್ಷ ಯಾಕೆ ಅಂತ ಪಾಠದಲ್ಲಿ ಓದಿ ಮರೆತ ಮಕ್ಕಳಿಗೆ ಇದನ್ನು ಹೇಳಿ, ಮರೆಯುವುದಿಲ್ಲ.

ಜನವರಿ ಚಳಿ. ಸೂರ್ಯ ದೂರ ಹೋಗಿರುತ್ತಾನೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಉಲ್ಟಾ. ಜನವರಿ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು, ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅತಿ ದೂರ, 15 ಕೋಟಿ 21 ಲಕ್ಷ. ಋತು ಆಗುವುದು ಭೂಮಿ 23.4 ಡಿಗ್ರಿ ವಾಲಿರುವುದರಿಂದ. ಡಿಸೆಂಬರ್ 21ರ ಮಧ್ಯಾಹ್ನ ಮಡಿಕೇರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಜಾರಿ 54 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಜೂನ್‌ಗಿಂತ ಸುಮಾರು ಒಂದೂವರೆ ಗಂಟೆ ಕಡಿಮೆ. ಜೊತೆಗೆ ನಾವು ಬೆಟ್ಟದ ಮೇಲಿದ್ದೇವೆ, ಆಕಾಶದಲ್ಲಿ ಮೋಡ ಇರುವುದಿಲ್ಲ, ರಾತ್ರಿ ನೆಲದ ಬಿಸಿಯೆಲ್ಲ ಮೇಲೆ ಹೋಗಿಬಿಡುತ್ತದೆ.

ಮಗಳಿಗೆ ಇನ್ನೊಂದು ಆಟ. ಏಪ್ರಿಲ್ 23ರ ಆಸುಪಾಸು, ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತಿಗೆ ಅಂಗಳದಲ್ಲಿ ಒಂದು ಲೋಟ ಬೋರಲು ಹಾಕಿ. ನೆರಳು ಮಾಯ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅಲ್ಲಿಂದ ಆಗಸ್ಟ್ 20ರವರೆಗೂ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ತಿಂಗಳಲ್ಲೇ ನೋಡಿಬಿಡಿ. ಜೂನ್ ಬಂದರೆ ಇಲ್ಲಿ ಸೂರ್ಯನೂ ಇಲ್ಲ, ನೆರಳೂ ಇಲ್ಲ.

ಧ್ರುವ ನಕ್ಷತ್ರಕ್ಕೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಇಲ್ಲಿ ಅದು ದಿಗಂತದಿಂದ ಬರೀ 12 ಡಿಗ್ರಿ ಮೇಲೆ, ಕೈ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಒಂದು ಸಿಲ್ವರ್ ಓಕ್ ಮರ ಸಾಕು ಮುಚ್ಚಲು. ನಮ್ಮ ಲಾಭ ಇರುವುದು ದಕ್ಷಿಣಕ್ಕೆ. ಫೆಬ್ರವರಿ ರಾತ್ರಿ ಎಂಟೂವರೆ ಒಂಬತ್ತಕ್ಕೆ ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕವನ್ನು ಹುಡುಕಿ. ಅದರ ಬೆಳಕು ನಮಗೆ ತಲುಪಲು 8.6 ವರ್ಷ ಬೇಕು. ಈಗ ಕಾಣುವ ಬೆಳಕು ಹೊರಟಾಗ ನಿಮ್ಮ ಮಗಳು ಎರಡೂವರೆ ವರ್ಷದ ಮಗು. ಅಲ್ಲಿಂದ ನೇರ ಕೆಳಗೆ, ದಕ್ಷಿಣದ ಬೆಟ್ಟದ ಮೇಲೆ ಇನ್ನೊಂದು ಜೋರು ನಕ್ಷತ್ರ. ಅದು ಅಗಸ್ತ್ಯ. ಲಂಡನ್‌ನವರಿಗೆ ಅದು ಯಾವತ್ತೂ ಹುಟ್ಟುವುದೇ ಇಲ್ಲ. ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡಿದ್ದ ಋಷಿಯ ಹೆಸರು ಅಂತ ಹೇಳಿದರೆ ಮಗಳು ಇನ್ನೆರಡು ನಿಮಿಷ ಜಾಸ್ತಿ ನೋಡುತ್ತಾಳೆ.

ಇನ್ನು ಕೆಲಸದ ಮಾತು. ಒಳ್ಳೆಯ ತಿಂಗಳು ಡಿಸೆಂಬರ್‌ನಿಂದ ಫೆಬ್ರವರಿ. ಕಣ್ಣು ಕತ್ತಲೆಗೆ ಹೊಂದಲು 20 ನಿಮಿಷ ಬಿಡಿ, ಅಷ್ಟು ಹೊತ್ತು ಮೊಬೈಲ್ ಒಳಗಿರಲಿ. ಟಾರ್ಚ್ ಬಾಯಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿ. ಟಾರಸಿ ಅಥವಾ ಅಂಗಳ ಸಾಕು. ಕತ್ತಲೆ ಚೆನ್ನಾಗಿದೆ ಅಂತ ತೋಟದೊಳಗೆ ನಡೆದುಕೊಂಡು ಹೋಗಬೇಡಿ. ಆನೆ ಇದೆಯಾ ಅಂತ ಮೊದಲು ಕೇಳಿ. ಇಲ್ಲ ಅಂದರೂ ಹೋಗಬೇಡಿ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ 7×50 ಅಥವಾ 10×50 ಬೈನಾಕ್ಯುಲರ್ ತೆಗೆದುಕೊಳ್ಳಿ. ಅಷ್ಟಮಿ ಚಂದ್ರನ ಕುಳಿಗಳು ಕಾಣುತ್ತವೆ, ಕೈ ಅಲುಗದೆ ಹಿಡಿದರೆ ಗುರುವಿನ ಪಕ್ಕ ಅದರ ಉಪಗ್ರಹಗಳು ಸಾಸಿವೆಕಾಳಿನ ಹಾಗೆ ಕಾಣುತ್ತವೆ. ಮೇ ಕೊನೆಗೆ, ರೋಹಿಣಿ ಮಳೆ ಹಿಡಿಯುವ ಮೊದಲು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿ ಹಾಕಿಡಿ. ನನ್ನದು ಅಡುಗೆಮನೆಯಲ್ಲಿ ಒಲೆಗೆ ದೂರದ ಶೆಲ್ಫ್‌ನಲ್ಲಿ, ಒಣಮೆಣಸಿನ ಡಬ್ಬದ ಪಕ್ಕ ಇರುತ್ತದೆ. ಅಕ್ಟೋಬರ್‌ನಲ್ಲಿ ತೆಗೆದಾಗ ಸ್ವಲ್ಪ ಘಾಟು. ಬೂಷ್ಟು ಮಾತ್ರ ಇಲ್ಲ.