ಅಜ್ಜಿ ಮಾತ್ರೆ ತಗೊಂಡ್ರಾ?

ತಾಯಿ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದವರೇ ಮೇಜಿನ ಮೇಲೆ ಎರಡು ಫೋನ್ ಇಟ್ಟರು. ಒಂದು ಅವರದು, ಇನ್ನೊಂದು ಮಗಳದು. "ಏನೇನು ಮಾಡಿದ್ದಾಳೆ ಅಂತ ನೀವೇ ನೋಡಿ ಮೇಡಂ" ಅಂದರು. ಮಗಳು ಕುರ್ಚಿಯ ತುದಿಯಲ್ಲಿ ಕೂತು ಬ್ಯಾಗಿನ ಜಿಪ್ ಎಳೆಯುತ್ತಿದ್ದಳು, ಬಿಡುತ್ತಿದ್ದಳು. ನಾನು ಫೋನ್ ಮುಟ್ಟಲಿಲ್ಲ. ಮಗಳ ಫೋನನ್ನು ಅವಳ ಕೈಗೇ ಕೊಟ್ಟು, "ನೀನು ತೋರಿಸಬೇಕು ಅನ್ನಿಸಿದಾಗ ತೋರಿಸು" ಅಂದೆ.

ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು, ಬಡಾವಣೆ, ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಅನು ಅನ್ನೋಣ. ವಯಸ್ಸು 16, ಎರಡನೇ ಪಿಯುಸಿ, ಸೈನ್ಸ್. ಮನೆ ಬೆಂಗಳೂರಿನ ಕೆಂಗೇರಿಯಿಂದ ಮೂರು ಕಿಲೋಮೀಟರ್ ಒಳಗೆ. ಟ್ಯೂಷನ್ ವಿಜಯನಗರದಲ್ಲಿ, ಬಿಡುವುದು ರಾತ್ರಿ ಎಂಟೂವರೆಗೆ. ತಂದೆಗೆ ಪಾಳಿ ಕೆಲಸ. ಹಾಗಾಗಿ ವಾರಕ್ಕೆ ನಾಲ್ಕು ದಿನ ಅನು ಆ್ಯಪ್‌ನ ಆಟೋದಲ್ಲೋ ಕ್ಯಾಬಿನಲ್ಲೋ ಮನೆಗೆ ಬರುತ್ತಿದ್ದಳು. ಬುಕ್ ಮಾಡುತ್ತಿದ್ದುದು ತಾಯಿ, ಮನೆಯಿಂದ, ತಮ್ಮ ಫೋನಿನಲ್ಲಿ.

ದೂರು ಏನೆಂದರೆ, ಅನು ಎರಡು ತಿಂಗಳಿಂದ ಸುಳ್ಳು ಹೇಳುತ್ತಿದ್ದಳು. "ಫ್ರೆಂಡ್ ಅಪ್ಪ ಡ್ರಾಪ್ ಮಾಡ್ತಾರೆ, ಬುಕ್ ಮಾಡ್ಬೇಡ" ಅಂತ ಮೆಸೇಜ್ ಹಾಕಿ, ತನ್ನ ಫೋನಿನಲ್ಲೇ ಬೇರೆ ಆ್ಯಪ್ ಹಾಕಿಕೊಂಡು ಒಬ್ಬಳೇ ಬರುತ್ತಿದ್ದಳು. ಒಂದು ದಿನ ಆ ಗೆಳತಿಯ ತಾಯಿ ಮಾರ್ಕೆಟಿನಲ್ಲಿ ಸಿಕ್ಕರು. "ಅಯ್ಯೋ, ನಮ್ಮನೆಯವರು ಯಾವತ್ತೂ ಡ್ರಾಪ್ ಮಾಡಿಲ್ಲವಲ್ಲ" ಅಂದರು. ಮನೆಯಲ್ಲಿ ರಾದ್ಧಾಂತ. ಫೋನ್ ಕಿತ್ತುಕೊಂಡರು, ನಾಲ್ಕು ದಿನ ಮಾತಿಲ್ಲ. ಆಮೇಲೆ ನನ್ನ ಹತ್ತಿರ ಬಂದರು.

ಸುಳ್ಳು ಯಾಕೆ ಅಂತ ಕೇಳುವ ಮೊದಲು, ತಾಯಿ ಬುಕ್ ಮಾಡಿದ ದಿನ ಪ್ರಯಾಣ ಹೇಗಿರುತ್ತದೆ ಅಂತ ಕೇಳಿದೆ. ಅನು ಮೊದಲ ಸಲ ತಲೆ ಎತ್ತಿದಳು. "ಹತ್ತಿದ ತಕ್ಷಣ ಅಮ್ಮನ ಫೋನ್. ಸಿಗ್ನಲ್ಲಲ್ಲಿ ನಿಂತರೆ ಮತ್ತೆ ಫೋನ್, ಯಾಕೆ ಗಾಡಿ ನಿಂತಿದೆ ಅಂತ. ಫ್ಲೈಓವರ್ ಹತ್ತದೆ ಕೆಳಗೆ ಹೋದರೆ ಸ್ಪೀಕರ್ ಹಾಕು ಅಂತಾರೆ, ಡ್ರೈವರ್ ಅಂಕಲ್‌ಗೆ ಬೈತಾರೆ. ಒಂದ್ಸಲ ಆ ಅಂಕಲ್, ನನಗೂ ಹೆಣ್ಣು ಮಕ್ಕಳಿದ್ದಾರಮ್ಮ ಅಂದು ಸುಮ್ನಾಗಿಬಿಟ್ರು. ನನಗೆ ಅವರ ಮುಖ ನೋಡೋಕೂ ಆಗಲಿಲ್ಲ."

ತಾಯಿ ಅಲ್ಲಗಳೆಯಲಿಲ್ಲ. ಪರದೆ ಮೇಲೆ ಆ ಪುಟ್ಟ ಗಾಡಿ ಚಿತ್ರ ಅಲ್ಲಾಡದೆ ನಿಂತರೆ ಎದೆ ಒಡೆದ ಹಾಗಾಗುತ್ತೆ ಅಂದರು. ಆ ಭಯ ನನಗೆ ಸುಳ್ಳು ಅನ್ನಿಸಲಿಲ್ಲ. ರಾತ್ರಿ ಎಂಟೂವರೆಗೆ ಮೈಸೂರು ರಸ್ತೆಯಲ್ಲಿ ಮಗಳು ಗೊತ್ತಿಲ್ಲದವರ ಗಾಡಿಯಲ್ಲಿ ಇದ್ದಾಳೆ ಅಂದರೆ ಯಾವ ತಾಯಿಗೆ ಊಟ ಇಳಿಯುತ್ತೆ?

ಮೊದಲ ದಿನ ಅಷ್ಟೇ. ಎರಡನೇ ಸಲ ಅನುವನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಹದಿನೆಂಟು ತುಂಬದ ಎಲ್ಲರಿಗೂ ಹೇಳುವ ಮಾತನ್ನು ಅವಳಿಗೂ ಹೇಳಿದೆ. "ನೀನು ಹೇಳಿದ್ದು ನನ್ನ ಹತ್ತಿರ ಇರುತ್ತೆ. ಆದರೆ ನಿನ್ನ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಮಾಡಿದ್ದಾರೆ ಅಂತ ಗೊತ್ತಾದರೆ ನಾನು ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೋ ಕಾಯ್ದೆ ಹಾಗೆ ಹೇಳುತ್ತೆ. ನಿನಗೆ ಹೇಳದೆ ಮಾತ್ರ ಏನೂ ಮಾಡಲ್ಲ." ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಮಗು ಎಲ್ಲಾ ಹೇಳಿದ ಮೇಲೆ ಹೇಳಿದರೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಫೋನಿನ ಹಿಂದಿನ ಕವರ್ ತೆಗೆದು ಒಂದು ಚೀಟಿ ಕೊಟ್ಟಳು. ಬಿಎಂಟಿಸಿ ಬಸ್ಸಿನ ಟಿಕೆಟ್. ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. ಅಕ್ಷರ ಅರ್ಧ ಮಾಸಿತ್ತು.

ಆ ಟಿಕೆಟ್ ತಗೊಂಡ ದಿನ ಮಳೆ. ಆಟೋ ಸಿಗುವುದೇ ಕಷ್ಟವಾಗಿತ್ತು. ಸಿಕ್ಕ ಆಟೋದವನು, "ಮೇಡಂ, ಕ್ಯಾನ್ಸಲ್ ಮಾಡ್ಬಿಡಿ, ಅಷ್ಟೇ ದುಡ್ಡು ನನಗೆ ಕೊಡಿ" ಅಂದ. ಇವಳು ಕ್ಯಾನ್ಸಲ್ ಮಾಡಿದಳು. ದುಡ್ಡನ್ನೂ ಆಗಲೇ ಯುಪಿಐನಲ್ಲಿ ಹಾಕಿಬಿಟ್ಟಳು. ಸ್ವಲ್ಪ ದೂರ ಹೋದ ಮೇಲೆ ಅವನ ಪ್ರಶ್ನೆ ಶುರುವಾಯಿತು. ಯಾವ ಕಾಲೇಜು, ಮನೇಲಿ ಯಾರ್ಯಾರಿದ್ದಾರೆ, ಬಾಯ್‌ಫ್ರೆಂಡ್ ಇದ್ದಾನಾ. ಕನ್ನಡಿ ತಿರುಗಿಸಿ ನೋಡುತ್ತಿದ್ದ. ರಾಜರಾಜೇಶ್ವರಿ ನಗರದ ಆರ್ಚ್ ಹತ್ತಿರ ಗಾಡಿ ಜಾಮಿನಲ್ಲಿ ನಿಂತಾಗ ಅನು ಇಳಿದುಬಿಟ್ಟಳು. ಫೋನಿನಲ್ಲಿ ಚಾರ್ಜ್ ಆರು ಪರ್ಸೆಂಟ್. ಒಂದು ಬೇಕರಿ ಮುಂದೆ ಕಾಲು ಗಂಟೆ ನಿಂತು, ಕೆಂಗೇರಿ ಕಡೆ ಬಸ್ಸು ಹಿಡಿದಳು. ರಾತ್ರಿ ಹನ್ನೊಂದಕ್ಕೆ ಆ ಮನುಷ್ಯನಿಂದ "ಹಾಯ್" ಅಂತ ಮೆಸೇಜ್. ಹಿಂದೆಯೇ "ಮನೆ ಸೇರಿದ್ರಾ". ಬ್ಲಾಕ್ ಮಾಡಿದಳು. ಬೆಳಿಗ್ಗೆ ಎಂದಿನ ಹಾಗೆ ತಿಂಡಿ ತಿಂದು ಕಾಲೇಜಿಗೆ ಹೋದಳು.

"ಆ ಬೇಕರಿ ಮುಂದೆ ನಿಂತಾಗ ಅಮ್ಮನಿಗೆ ಫೋನ್ ಮಾಡಬೇಕು ಅನ್ನಿಸಲಿಲ್ವಾ?"

"ಅನ್ನಿಸ್ತು ಮೇಡಂ. ಮಾಡಿದ್ರೆ ಟ್ಯೂಷನ್ನೇ ಬಿಡಿಸ್ತಾರೆ."

ಇಷ್ಟು ವರ್ಷದ ಕೆಲಸದಲ್ಲಿ ಈ ಮಾತನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇದ್ದೇನೆ. ಫೋನ್ ಕಿತ್ಕೋತಾರೆ, ಕಾಲೇಜು ಬಿಡಿಸ್ತಾರೆ, ಊರಿಗೆ ಕಳಿಸ್ತಾರೆ. ತಾಯಿಯ ಫೋನಿನಲ್ಲಿ ಟ್ರ್ಯಾಕಿಂಗ್ ಇತ್ತು, ದಿನಕ್ಕೆ ಐದು ಕರೆ ಇತ್ತು. ನಿಜವಾಗಿ ಬೇಕಾದ ಹೊತ್ತಿಗೆ ಮಗಳು ಒಂದು ಕರೆ ಮಾಡಲಿಲ್ಲ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಸರಿಮಾಡಬೇಕಾಗಿದ್ದುದು ಇದೊಂದನ್ನೇ. ಉಳಿದದ್ದೆಲ್ಲ ಇದರ ಹಿಂದೆ ಬರುವಂಥದ್ದು.

ಅಮ್ಮನಿಗೆ ತಾನೇ ಹೇಳುತ್ತೇನೆ, ನೀವು ಪಕ್ಕದಲ್ಲಿರಿ ಅಂದಳು ಅನು. ಹೇಳಿದಳು. ತಾಯಿ ಬೈಯಲಿಲ್ಲ, ಅಳಲಿಲ್ಲ. ಆ ಟಿಕೆಟ್ಟನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನನ್ನನ್ನೂ ಹೀಗೇ ಬಿಡಿಸಿದ್ರು ಮೇಡಂ" ಅಂದರು. ಊರಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಹಿಂದೆ ಬೀಳುತ್ತಿದ್ದನಂತೆ. ಇವರು ಅಣ್ಣನ ಹತ್ತಿರ ಹೇಳಿದರು. ಮರುದಿನದಿಂದ ಕಾಲೇಜೇ ಇಲ್ಲ. ಹಿಂದೆ ಬಿದ್ದವನು ಮಾತ್ರ ಅದೇ ಬಸ್ಸಿನಲ್ಲಿ ಓಡಾಡಿಕೊಂಡಿದ್ದ. ಅನುಗೆ ಈ ಕಥೆ ಗೊತ್ತಿರಲಿಲ್ಲ. ನಾನು ಎದ್ದು ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಮುಂದಿನ ಎರಡು ಭೇಟಿಗೆ ತಂದೆಯೂ ಬಂದರು. ಅವರ ಹತ್ತಿರ ಪರಿಹಾರ ರೆಡಿ ಇತ್ತು. "ಒಂದು ಸ್ಕೂಟರ್ ಕೊಡಿಸಿಬಿಡ್ತೀನಿ, ಯಾರ ಹಂಗೂ ಬೇಡ." ಇದನ್ನು ಖಂಡಿತ ಬೇಡ ಅಂದೆ. 16 ತುಂಬಿದವರಿಗೆ ಸಿಗುವುದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಮಾತ್ರ. ಈಗ ರಸ್ತೆಯಲ್ಲಿ ಕಾಣುವ ಪೆಟ್ರೋಲ್ ಸ್ಕೂಟರ್‌ಗಳು ಸಾಮಾನ್ಯವಾಗಿ 110, 125 ಸಿಸಿಯವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕಾನೂನಿನ ಮಾತು ಬಿಟ್ಟರೂ, ರಾತ್ರಿ ಹೊತ್ತು ಮೈಸೂರು ರಸ್ತೆಯ ಲಾರಿಗಳ ನಡುವೆ ಹದಿನಾರರ ಹುಡುಗಿ ಸ್ಕೂಟರ್ ಓಡಿಸುವುದು ಆಟೋಗಿಂತ ಕ್ಷೇಮ ಅಂತ ನನಗೆ ಅನ್ನಿಸುವುದಿಲ್ಲ.

ಆ ಆಟೋದವನ ವಿಷಯ ಏನು ಮಾಡೋಣ ಅಂತ ಅನುವನ್ನೇ ಕೇಳಿದೆವು. ಕ್ಯಾನ್ಸಲ್ ಆದ ಬುಕಿಂಗ್ ಆ್ಯಪ್‌ನ ಹಿಸ್ಟರಿಯಲ್ಲಿ ಗಾಡಿ ನಂಬರ್ ಸಮೇತ ಉಳಿದಿತ್ತು. ಮೆಸೇಜುಗಳೂ ಇದ್ದವು. ಅಪ್ಪ ಜೊತೆಗಿದ್ದರೆ ದೂರು ಕೊಡುತ್ತೇನೆ ಅಂದಳು. ಆ್ಯಪ್‌ನವರಿಗೆ ಒಂದು, ಠಾಣೆಗೆ ಒಂದು, ಲಿಖಿತವಾಗಿ ಕೊಟ್ಟು ಬಂದರು.

ಮೂರೂ ಜನರನ್ನು ಕೂರಿಸಿ ನಾನು ಹೇಳಿದ ಮೊದಲ ಮಾತು ಒಂದು ಫೋನ್ ಕರೆಯ ಬಗ್ಗೆ. ತೊಂದರೆ ಅಂತ ಅನು ಕರೆ ಮಾಡಿದಾಗ ಮನೆಯವರ ಬಾಯಲ್ಲಿ ಎರಡೇ ಮಾತು ಬರಬೇಕು: "ಎಲ್ಲಿದ್ದೀಯ? ಬರ್ತಾ ಇದ್ದೀವಿ." ಯಾಕೆ ಹೋದೆ, ಯಾರ ಜೊತೆ ಹೋದೆ, ಮೊದಲೇ ಹೇಳಿರಲಿಲ್ವಾ ಅನ್ನುವುದೆಲ್ಲ ಮರುದಿನಕ್ಕೆ. ತಪ್ಪು ಅವಳದೇ ಇದ್ದರೂ ಮರುದಿನಕ್ಕೇ. ಬೇರೆಯವನು ಮಾಡಿದ ಕೆಲಸಕ್ಕೆ ಅವಳ ಟ್ಯೂಷನ್, ಕಾಲೇಜು, ಫೋನ್ ಯಾವುದೂ ಹೋಗುವುದಿಲ್ಲ ಅಂತ ತಂದೆ ತಾಯಿ ಬಾಯಿಬಿಟ್ಟು ಹೇಳಬೇಕು. ಅದು ಅವಳಿಗೇ ಗೊತ್ತಿರುತ್ತೆ ಬಿಡಿ ಅಂದರು ತಂದೆ. ಗೊತ್ತಿರಲಿಲ್ಲ, ಅಲ್ವಾ? ಹೇಳಿಸಿದೆ.

ಎರಡನೆಯದು ಒಂದು ಗುಟ್ಟಿನ ಮಾತು. ಗಾಡಿಯಲ್ಲಿ ಕೂತು "ಅಮ್ಮ, ನನಗೆ ಭಯ ಆಗ್ತಿದೆ" ಅಂತ ಹೇಳಲು ಆಗುವುದಿಲ್ಲ. ಹಾಗಾಗಿ ಕೇಳುವವರಿಗೆ ಏನೂ ಅನ್ನಿಸದ ಒಂದು ವಾಕ್ಯ ಬೇಕು. ಅನುವೇ ಆರಿಸಿದಳು: "ಅಜ್ಜಿ ಮಾತ್ರೆ ತಗೊಂಡ್ರಾ?" ಇದನ್ನು ಕೇಳಿದರೆ ತಾಯಿ ಫೋನ್ ಇಡಬಾರದು. ಜೋರಾಗಿ, ಅಪ್ಪ ಎದುರಿಗೇ ಬರ್ತಿದ್ದಾರೆ ಅನ್ನುವ ಹಾಗೆ ಮಾತಾಡುತ್ತಾ ಇರಬೇಕು. ತಂದೆ ಅಷ್ಟರಲ್ಲಿ ಹೊರಡಬೇಕು, ಇಲ್ಲವೇ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಬೇಕು. ಅಲ್ಲೇ ಆಡಿಸಿ ನೋಡಿದೆ. ಅನು ಪಕ್ಕದ ಕೋಣೆಯಿಂದ ಫೋನ್ ಮಾಡಿದಳು. ತಾಯಿ ಮೊದಲ ಸಲ, "ಯಾವ ಮಾತ್ರೆ? ಬಿಪಿದಾ, ಶುಗರ್‌ದಾ?" ಅಂದುಬಿಟ್ಟರು. ಮೂರನೇ ಸಲಕ್ಕೆ ಸರಿಹೋಯಿತು. ಸುಮ್ನೆ ಮಾತಿನಲ್ಲಿ ಒಪ್ಪಿಕೊಂಡರೆ ಸಾಲದು. ಗಾಬರಿಯಲ್ಲಿ ನೆನಪಾಗುವುದು ಆಡಿ ಅಭ್ಯಾಸ ಆಗಿರುವ ಮಾತು ಮಾತ್ರ.

ಪ್ರಯಾಣದ ಬಗ್ಗೆ ಹೇಳುವುದಾದರೆ, ವಿಜಯನಗರದಿಂದ ಕೆಂಗೇರಿಗೆ ನೇರಳೆ ಮಾರ್ಗದ ಮೆಟ್ರೋ ಇರುವಾಗ ಇಡೀ ದಾರಿ ಆಟೋ ಯಾಕೆ ಅಂತ ಕೇಳಿದೆ. ಯಾರೂ ಯೋಚಿಸಿರಲಿಲ್ಲ. ಮೆಟ್ರೋದಲ್ಲಿ ಜನ ಇರುತ್ತಾರೆ, ಕ್ಯಾಮೆರಾ ಇರುತ್ತೆ, ಜಾಮ್ ಇಲ್ಲ. ಉಳಿಯುವುದು ಕೊನೆಯ ಮೂರು ಕಿಲೋಮೀಟರ್. 2025ರ ಆಗಸ್ಟಿನ ಮೀಟರ್ ದರದಲ್ಲಿ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18, ಒಟ್ಟು 54 ರೂಪಾಯಿ. ಆ ಆಟೋವನ್ನು ಅನುವೇ ಹಿಡಿಯಲಿ. ಹತ್ತಿದಾಗ ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ, ಇಳಿದಾಗ "ಇಳಿದೆ", ಎರಡೇ ಮೆಸೇಜ್. ನಡುವೆ ತಾಯಿ ಕರೆ ಮಾಡುವ ಹಾಗಿಲ್ಲ. ಹೇಳಿದ ಹೊತ್ತಿಗಿಂತ 15 ನಿಮಿಷ ಜಾಸ್ತಿಯಾದರೆ ಒಂದು ಕರೆ. ಈ ಹದಿನೈದು ನಿಮಿಷಕ್ಕೆ ಒಪ್ಪಿಸಲು ಒಂದು ಗಂಟೆ ಹಿಡಿಯಿತು.

ಇಡೀ ದಾರಿ ಕ್ಯಾಬಿನಲ್ಲೇ ಬರಬೇಕಾದ ದಿನಕ್ಕೆ ಖಾತೆಯ ವಿಷಯ ಬಂತು. ಊಬರ್‌ನ ಮಾಮೂಲಿ ಖಾತೆಗೆ 18 ತುಂಬಿರಬೇಕು. ಅನು ತನ್ನ ಫೋನಿನ ಆ್ಯಪ್‌ಗೆ ಸುಳ್ಳು ವಯಸ್ಸು ಹೇಳಿದ್ದಳು, ಅದನ್ನು ತೆಗೆಸಿದೆವು. 13ರಿಂದ 17 ವರ್ಷದವರಿಗೆ ಅಂತಲೇ ಊಬರ್ 2025ರ ಫೆಬ್ರುವರಿಯಲ್ಲಿ ಇಲ್ಲಿ ಬೇರೆ ಖಾತೆ ಶುರು ಮಾಡಿದೆ, ಬೆಂಗಳೂರಿನಲ್ಲೂ ಇದೆ. ಅದು ಪೋಷಕರ ಖಾತೆಯ ಜೊತೆ ಸೇರಿಕೊಂಡಿರುತ್ತದೆ. ಪಿನ್ ಹೇಳದೆ ಪ್ರಯಾಣ ಶುರುವಾಗುವುದಿಲ್ಲ, ಗಾಡಿ ಎಲ್ಲಿದೆ ಅಂತ ಮನೆಯವರು ನೋಡಬಹುದು. ಅದನ್ನು ಅನು ಮತ್ತು ತಾಯಿ ಜೊತೆಗೆ ಕೂತು ಹಾಕಿಕೊಂಡರು. ಕದ್ದು ನೋಡುವ ಟ್ರ್ಯಾಕಿಂಗ್ ಬೇಡ, ಇಬ್ಬರಿಗೂ ಗೊತ್ತಿರುವುದು ಇರಲಿ ಅಂತ ನನ್ನ ಆಸೆ.

ಕ್ಯಾನ್ಸಲ್ ಮಾಡುವ ವಿಷಯ ಅವಳಿಗೆ ಬಿಡಿಸಿ ಹೇಳಿದೆ. ಕ್ಯಾನ್ಸಲ್ ಒತ್ತಿದ ಕ್ಷಣ ಆ್ಯಪ್‌ನ ಲೆಕ್ಕದಲ್ಲಿ ನೀನು ಆ ಗಾಡಿಯಲ್ಲಿ ಇಲ್ಲ. ಗಾಡಿ ಎಲ್ಲಿದೆ ಅಂತ ಯಾರಿಗೂ ಕಾಣಲ್ಲ, ತುರ್ತು ಬಟನ್ ಒತ್ತಿದರೂ ಹೇಳಲು ಪ್ರಯಾಣವೇ ಇಲ್ಲ. ಎಷ್ಟೇ ಮಳೆ ಇರಲಿ, ಕ್ಯಾನ್ಸಲ್ ಅಂದವರ ಗಾಡಿ ಬೇಡ. ಯುಪಿಐ ಐಡಿಯಲ್ಲಿ ಎಷ್ಟೋ ಸಲ ನಮ್ಮ ಫೋನ್ ನಂಬರೇ ಇರುತ್ತದೆ. ಹಾಗಾಗಿ ದುಡ್ಡು ಆ್ಯಪ್ ಮೂಲಕ ಹೋಗಲಿ, ಇಲ್ಲವೇ ನೋಟು ಕೊಡು. ಫೋನ್ ಕವರಿನಲ್ಲಿ ಯಾವಾಗಲೂ ಒಂದು 200ರ ನೋಟು, ಬ್ಯಾಗಿನಲ್ಲಿ ಪವರ್ ಬ್ಯಾಂಕ್.

ಇನ್ನೊಂದು ಮಾತನ್ನೂ ಹೇಳಿದೆ. ಅವತ್ತು ಜಾಮಿನಲ್ಲಿ ಇಳಿದು ಬೆಳಕಿರುವ ಅಂಗಡಿ ಮುಂದೆ ನಿಂತೆಯಲ್ಲ, ಅದು ಸರಿಯಾದ ಕೆಲಸ, ಅದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾಯಿ ಆಗ ಮಗಳ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅನುಗೆ 14 ವರ್ಷದ ತಮ್ಮನಿದ್ದಾನೆ. ಕ್ರಿಕೆಟ್ ಕೋಚಿಂಗಿಗೆ ಆಟೋದಲ್ಲಿ ಹೋಗುತ್ತಾನೆ, ಯಾರೂ ಒಂದು ಕರೆ ಮಾಡುವುದಿಲ್ಲ. ಅವಳು ಇದನ್ನು ಎತ್ತಿದಾಗ "ಅವನು ಗಂಡು ಹುಡುಗ" ಅಂದರು ತಂದೆ. ಗಂಡು ಮಕ್ಕಳಿಗೂ ಹೀಗೆಲ್ಲ ಆಗುತ್ತದೆ, ಅವರು ಹೇಳಿಕೊಳ್ಳುವುದು ಇನ್ನೂ ಕಮ್ಮಿ. ಅಂಥ ಹುಡುಗರು ಇದೇ ಕುರ್ಚಿಯಲ್ಲಿ ಕೂತಿದ್ದಾರೆ. ತಂದೆ ಸುಮ್ಮನಾದರು. ಒಪ್ಪಿದರೋ ಇಲ್ಲವೋ ಅವತ್ತು ತಿಳಿಯಲಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನುವ ನಂಬರ್ ಅವನ ಫೋನಿನಲ್ಲೂ ಇರಲಿ ಅಂತ ಬರೆದುಕೊಟ್ಟೆ.

ಎರಡು ತಿಂಗಳು ಬಿಟ್ಟು ತಾಯಿ ಮಗಳು ಬಂದರು. ಎಲ್ಲಾ ಸಲೀಸಾಗಿರಲಿಲ್ಲ. ಒಂದು ದಿನ ಅನು "ಇಳಿದೆ" ಹಾಕುವುದನ್ನು ಮರೆತು, ತಾಯಿ ಬೀದಿಗೆ ಓಡಿಬಂದು, ಗೇಟಿನ ಹತ್ತಿರ ಇಬ್ಬರೂ ಕೂಗಾಡಿದ್ದರು. ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದರಂತೆ. ನನಗೆ ತೋರಿಸಲು ಕಿತ್ತು ತಂದಿದ್ದರು, ಮೂಲೆಗೆಲ್ಲ ಟೇಪು. "15 ನಿಮಿಷ" ಅನ್ನುವುದನ್ನು ಹೊಡೆದು "20" ಅಂತ ತಾಯಿಯೇ ತಿದ್ದಿದ್ದರು. ಮೇಲೆ ಅನುವಿನ ಹೆಸರಿನ ಪಕ್ಕದಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ, ತಮ್ಮನ ಹೆಸರೂ ಇತ್ತು. ಬರೆದವರು ಯಾರು ಅಂತ ಕೇಳಿದೆ. "ಅಪ್ಪ" ಅಂದಳು.