ಚಾರ್ಟಿಗೆ ಚಿತ್ರ ಹುಡುಕಿದಾಗ

ಪತ್ರ: ನಲಿಕಲಿ ಮಕ್ಕಳಿಗೆ ಸಂಬಂಧಗಳ ಚಾರ್ಟ್ ಮಾಡಲು ಗೂಗಲ್‌ನಲ್ಲಿ ಚಿತ್ರ ಹುಡುಕುತ್ತಿದ್ದೆ. ಅಜ್ಜ, ಅಜ್ಜಿ ಸರಿಯಾಗಿ ಬಂದರು. ‘ಆಂಟಿ’ ಎಂದು ಹಾಕಿದ ಕೂಡಲೇ ಅಸಹ್ಯ ಚಿತ್ರಗಳು. ಸ್ಟಾಫ್ ರೂಮಿನಲ್ಲಿ ತಲೆ ಎತ್ತಲಾಗಲಿಲ್ಲ. ನನ್ನ ಮೊಬೈಲಿನದೇ ದೋಷವೇ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ: ಮೇಡಂ, ದೋಷ ನಿಮ್ಮದೂ ಅಲ್ಲ, ಮೊಬೈಲಿನದೂ ಅಲ್ಲ. ನೀವು ಹಿಂದೆ ಅಂಥದ್ದೇನೋ ನೋಡಿರಬೇಕು ಎಂದು ಯಾರಾದರೂ ಅಂದುಕೊಂಡಿದ್ದರೆ ಅವರಿಗೂ ಈ ಉತ್ತರ ಓದಿಸಿ.

ಗೂಗಲ್ ಚಿತ್ರಹುಡುಕಾಟ 2001ರಲ್ಲಿ ಶುರುವಾದಾಗ ಅದು ಓದುತ್ತಿದ್ದದ್ದು ಚಿತ್ರದ ಸುತ್ತಲಿನ ಬರಹವನ್ನು. ಫೈಲಿನ ಹೆಸರು, ಪುಟದ ಶೀರ್ಷಿಕೆ, ಫೋಟೋ ಕೆಳಗಿನ ಸಾಲು. ಈಗ ಚಿತ್ರದಲ್ಲಿ ಏನಿದೆ ಎಂದೂ ಗುರುತಿಸುತ್ತದೆ, ಆದರೂ ಆ ಬರಹ ಇಂದಿಗೂ ಮುಖ್ಯವೇ. ಸ್ವಲ್ಪ ಯೋಚಿಸಿ. ನಮ್ಮ ಚಿಕ್ಕಮ್ಮನ ಫೋಟೋಗೆ ‘ಆಂಟಿ’ ಎಂದು ಹೆಸರಿಟ್ಟು ನಾವ್ಯಾರೂ ನೆಟ್ಟಿಗೆ ಹಾಕುವುದಿಲ್ಲ, ಅಲ್ವಾ? ಅದು ಮನೆಯವರ ವಾಟ್ಸಾಪ್ ಗ್ರೂಪಿನಲ್ಲೇ ಉಳಿಯುತ್ತದೆ. ಆ ಹೆಸರನ್ನು ಬಿಡದೆ ಬಳಸುವವರು ಅಶ್ಲೀಲ ಚಿತ್ರದ ವ್ಯಾಪಾರದವರು. ಹಾಗಾಗಿ ಮೇಲೆ ಬರುವುದೂ ಅವರದೇ.

ಒಳ್ಳೆಯ ಪುಟ ಇಲ್ಲದ ಕಡೆ ಒಂದು ಕೆಟ್ಟ ಪುಟವೇ ಸಾಕು. 2021ರ ಜೂನ್ ನೆನಪಿರಬೇಕು. ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ ‘ಕನ್ನಡ’ ಎಂದು ತೋರಿಸಿತ್ತು. ನಾವೆಲ್ಲ ಸಿಟ್ಟಾದೆವು, ಗೂಗಲ್ ಕ್ಷಮೆ ಕೇಳಿತು. ಫ್ರಾನ್ಸಿನಲ್ಲೂ ಹೀಗೇ ಆಗಿತ್ತು. ಸಲಿಂಗಿ ಹೆಣ್ಣುಮಕ್ಕಳನ್ನು ಕುರಿತ ‘ಲೆಸ್ಬಿಯೆನ್’ ಎಂಬ ಸಾದಾ ಪದ ಹುಡುಕಿದರೆ ಅಶ್ಲೀಲ ತಾಣಗಳೇ ಮೊದಲು ಬರುತ್ತಿದ್ದವು. ಅಲ್ಲಿನವರು ಅಭಿಯಾನ ಮಾಡಿದರು. 2019ರಲ್ಲಿ ಗೂಗಲ್ ಅದನ್ನು ಸರಿಪಡಿಸಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ನಮ್ಮ ಮನೆಯ ಹೆಂಗಸರನ್ನು ಕರೆಯುವ ಪದಕ್ಕೂ ಅಷ್ಟೇ ಕಾಳಜಿ ಸಿಗಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಸದ್ಯಕ್ಕೆ ಗೂಗಲ್‌ನಲ್ಲೇ ಅಶ್ಲೀಲ ಚಿತ್ರ ತಡೆಯುವ ‘ಸೇಫ್‌ಸರ್ಚ್’ ಎಂಬ ಸೌಲಭ್ಯ ಇದೆ. 2023ರಿಂದ ಅದು ತಾನಾಗಿ ಅಶ್ಲೀಲ ಚಿತ್ರವನ್ನು ಮಸುಕು ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಸೆಟ್ಟಿಂಗ್‌ನಲ್ಲಿ ‘ಫಿಲ್ಟರ್’ ಆರಿಸಿಕೊಳ್ಳಿ. ಶಾಲೆಯ ನೆಟ್‌ವರ್ಕ್ ನೋಡಿಕೊಳ್ಳುವವರು ಅದನ್ನು ಯಾರೂ ಬದಲಿಸದಂತೆ ಲಾಕ್ ಮಾಡಬಹುದು. ಆದರೆ ಅರೆಬರೆ ಬಟ್ಟೆಯ, ಕೀಳು ಅಭಿರುಚಿಯ ಫೋಟೋಗಳು ಎಷ್ಟೋ ಸಲ ಈ ಜರಡಿಯಲ್ಲಿ ನುಸುಳುತ್ತವೆ. ನಿಮಗೆ ಕಂಡದ್ದರಲ್ಲಿ ಜಾಸ್ತಿ ಅಂಥವೇ ಇರಬಹುದು. ಅದಕ್ಕೇ ಒಂಟಿ ಪದ ಹಾಕಬೇಡಿ. ‘ಮಕ್ಕಳಿಗೆ ಕುಟುಂಬದ ಚಾರ್ಟ್’ ಎಂದು ಹುಡುಕಿ. ಮಕ್ಕಳ ಎದುರು ತೆರೆಯುವ ಮೊದಲು ಒಮ್ಮೆ ನೀವೇ ನೋಡಿಬಿಡಿ.